ಗೋಡೆಯಾಚೆಯ ದೊಡ್ಡ ದನಿ

ಆ ವರ್ಷ ದಸರಾ ರಜೆಯಲ್ಲಿ ನಮ್ಮನ್ನೆಲ್ಲ ಮನೆಮನೆ ಸಮೀಕ್ಷೆಗೆ ಹಾಕಿದರು. ನಾನು ಚಿಂಚೋಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಇರುವುದು ಸೇಡಂನಲ್ಲಿ, ಸ್ಟೇಷನ್ ಕಡೆಯ ಒಂದು ಬಾಡಿಗೆ ಮನೆಯಲ್ಲಿ, ಒಬ್ಬಳೇ. ಆಗ ನನಗೆ ನಲವತ್ತೇಳು. ಮದುವೆ ಆಗಲಿಲ್ಲ, ಅದಕ್ಕೆ ಹೇಳಿಕೊಳ್ಳುವಂಥ ಕಾರಣವೂ ಇಲ್ಲ. ನೋಡಿದ ಸಂಬಂಧಗಳು ಕೂಡಲಿಲ್ಲ, ಅಪ್ಪ ಹೋದರು, ಆಮೇಲೆ ನೋಡುವವರೂ ಇರಲಿಲ್ಲ.

ನನ್ನ ಪಾಲಿಗೆ ಬಂದದ್ದು ಕಾಡಿನ ಅಂಚಿನ ಒಂದು ಲಂಬಾಣಿ ತಾಂಡಾ. ಮೊಬೈಲಿನಲ್ಲಿ ಒಂದೊಂದೇ ಪ್ರಶ್ನೆಗೆ ಉತ್ತರ ತುಂಬಿ ಕಳಿಸಬೇಕಿತ್ತು. ಕಳಿಸಲು ನೆಟ್‌ವರ್ಕ್ ಬೇಕು, ಅದು ಆ ತಾಂಡಾದ ಯಾವ ಮನೆಯ ಮುಂದೆಯೂ ಸಿಗುತ್ತಿರಲಿಲ್ಲ. ಹಿಂದಿನ ದಿಬ್ಬದ ಮೇಲೆ, ಆಡುಗಳನ್ನು ಕೂಡಿಹಾಕುವ ದೊಡ್ಡಿಯ ಗೋಡೆಯ ಪಕ್ಕದಲ್ಲಿ ಮಾತ್ರ ಎರಡು ಗೆರೆ ಕಾಣಿಸುತ್ತಿತ್ತು. ನಾಲ್ಕೈದು ಮನೆ ಮುಗಿಸಿ, ಮೊಣಕಾಲೆತ್ತರದ ಹುಲ್ಲಿನಲ್ಲಿ ಸೀರೆ ಎತ್ತಿ ಹಿಡಿದು ದಿಬ್ಬ ಹತ್ತುವುದು, ದೊಡ್ಡಿಯ ನೆರಳಿನಲ್ಲಿ ಕೂತು ಮೊಬೈಲಿನ ಆ ಚಕ್ರ ತಿರುಗುವುದನ್ನೇ ನೋಡುವುದು, ಮತ್ತೆ ಇಳಿಯುವುದು. ಹೀಗೆ ಆರು ದಿನ.

ಎರಡನೆಯ ದಿನವೇ ಆ ದೊಡ್ಡಿಯ ಒಡತಿ, ನನಗಿಂತ ಹಿರಿಯಳು, ಕೆಳಗಿನಿಂದ ಕೂಗಿ ಹೇಳಿದಳು; ಟೀಚರಮ್ಮನಿಗೆ ಇಲ್ಲಿ ಅಕ್ಕೋರು ಅನ್ನುತ್ತಾರೆ. "ಅಕ್ಕೋರೆ, ಅಲ್ಲಿ ಕುಂದರಬ್ಯಾಡ್ರಿ. ಉಣ್ಣಿ ಭಾಳ ಅವ. ಹತ್ತತಾವ ನೋಡ್ರಿ."

"ಹತ್ತಲಿ ಬಿಡವ್ವ. ನಿಮ್ಮ ಆಡಿಗಿ ಏನೂ ಆಗಂಗಿಲ್ಲ, ನನಗೇನಾಗ್ತದ?" ಎಂದು ನಕ್ಕೆ.

ಅವಳು ನಗಲಿಲ್ಲ. ತನ್ನ ಮನೆಯಿಂದ ಒಂದು ಖಾಲಿ ಗೊಬ್ಬರದ ಚೀಲ ತಂದು ನನಗೆ ಹಾಸಿಕೊಟ್ಟಳು.

ಸಮೀಕ್ಷೆ ಮುಗಿದ ದಿನ ಸಂಜೆ ಸೇಡಂಗೆ ಬಂದು ಸ್ನಾನ ಮಾಡುವಾಗ ಎಡ ಮೊಣಕಾಲಿನ ಹಿಂದೆ ಏನೋ ಕೈಗೆ ಹತ್ತಿತು. ಎಳ್ಳಿನಷ್ಟು ದೊಡ್ಡದು. ಎಂದೋ ಆದ ಗಾಯದ ಹೊಪ್ಪಳಿಕೆ ಅಂದುಕೊಂಡು ಕಿತ್ತೆ. ಬೆಳಕಿಗೆ ಹಿಡಿದರೆ ಕಾಲುಗಳು ಆಡುತ್ತಿದ್ದವು. ಅಸಹ್ಯವಾಯಿತು. ಎರಡು ಹೆಬ್ಬೆರಳಿನ ಉಗುರುಗಳ ನಡುವೆ ಇಟ್ಟು ಹೊಸಕಿ, ನೀರು ಹಾಕಿ ಮರೆತುಬಿಟ್ಟೆ.

ವಾರ ಕಳೆದ ಮೇಲೆ ಜ್ವರ ಬಂತು. ಮೊದಲ ದಿನ ತಲೆನೋವು, ಕಣ್ಣುಗುಡ್ಡೆಯ ಹಿಂದೆ ಯಾರೋ ಬೆರಳಿಟ್ಟು ಒತ್ತಿದ ಹಾಗೆ. ಎರಡನೆಯ ದಿನ ಸೊಂಟ, ಮೀನಖಂಡ. ಹತ್ತಿರದ ಒಂದು ದವಾಖಾನೆಗೆ ನಡೆದೇ ಹೋದೆ. ರಕ್ತ ನೋಡಿ ಟೈಫಾಯಿಡ್ ಅಂದರು. ಇಂಜೆಕ್ಷನ್, ಸಲೈನ್, ಮನೆಗೆ ಬಂದು ಮಲಗುವುದು, ಮತ್ತೆ ಹೋಗುವುದು. ಐದು ದಿನ ಕಳೆದರೂ ಜ್ವರ ಇಳಿಯಲಿಲ್ಲ. ಆರನೆಯ ದಿನ ದವಾಖಾನೆಗೆ ಹೋಗಲು ಏಳಲಾಗಲಿಲ್ಲ. ಶಹಾಬಾದಿನಲ್ಲಿರುವ ಅಣ್ಣನಿಗೆ ಫೋನ್ ಮಾಡಬೇಕು ಅನ್ನಿಸಿತು, ಫೋನು ಅಡುಗೆಮನೆಯ ಕಟ್ಟೆಯ ಮೇಲಿತ್ತು. ಅಲ್ಲಿಗೆ ಎಂಟೋ ಹತ್ತೋ ಹೆಜ್ಜೆ. ಇನ್ನೊಂದು ಸ್ವಲ್ಪ ಹೊತ್ತಿಗೆ ಎದ್ದು ತರೋಣ ಎಂದುಕೊಳ್ಳುತ್ತ ಒಂದು ಇಡೀ ದಿನ ಕಳೆದೆ.

ನಮ್ಮದು ಒಂದೇ ಗೋಡೆಯ ಎರಡು ಮನೆ. ಆಚೆ ಕಡೆ ಇದ್ದವರು ರೈಲು ಓಡಿಸಿ ನಿವೃತ್ತರಾದ ಒಬ್ಬ ಮುಸ್ಲಿಂ ಹಿರಿಯರು. ವಾಡಿ ಜಂಕ್ಷನ್ನಿನಲ್ಲಿ ಇದ್ದವರು, ರಿಟೈರಾದ ಮೇಲೆ ಹೆಂಡತಿಯ ಊರು ಅಂತ ಸೇಡಂಗೆ ಬಂದಿದ್ದರು. ಓಣಿಯೆಲ್ಲ ಅವರನ್ನು ಡ್ರೈವರ್ ಸಾಬರು ಅನ್ನುತ್ತಿತ್ತು. ಎಂಜಿನ್ನಿನ ಸದ್ದಿನಲ್ಲಿ ಅವರ ಕಿವಿ ಹೋಗಿತ್ತು. ಕಿವಿಯ ಮಷೀನು ಇತ್ತು, ಹಾಕಿಕೊಳ್ಳುತ್ತಿರಲಿಲ್ಲ. ಕಿವಿ ಕೇಳದವರ ಮಾತು ದೊಡ್ಡದು. ಅವರು ಫೋನಿನಲ್ಲಿ ಮಾತಾಡಿದರೆ ನನ್ನ ಅಡುಗೆಮನೆಯಲ್ಲಿ ಕೂತು ಮಾತಾಡಿದ ಹಾಗೆ. ಟಿವಿಯೂ ಹಾಗೆಯೇ. ಒಂದು ಸಲ ಪರೀಕ್ಷೆಯ ಪೇಪರು ತಿದ್ದುವಾಗ ಸಹಿಸಲಾಗದೆ ಅವರ ಹೆಂಡತಿಗೆ ಹೇಳಿದ್ದೆ: "ಚಾಚಿ, ಜರಾ ಟಿವಿ ಸಣ್ಣ ಮಾಡ್ಸ್ರಿ." ಒಂದು ವಾರ ಸಣ್ಣಗಿತ್ತು. ಆಮೇಲೆ ನಾನೇ ಆ ಕಡೆಯ ಕಿಟಕಿಗೆ ಹಳೆಯ ಚಾದರ ಮಡಚಿ ತುಂಬಿದೆ. ಚಾಚಿಯ ಜೊತೆ ನನಗೆ ಮಾತಿತ್ತು, ಹಿತ್ತಲಿನ ಗೋಡೆಯ ಮೇಲಿಂದ. ಸಾಬರಿಗೆ ಎದುರಾದರೆ ನಕ್ಕು, ತಲೆ ಆಡಿಸಿ, ಬೇಗ ಬೇಗ ಒಳಗೆ ಹೋಗುತ್ತಿದ್ದೆ. ಅವರೊಂದಿಗೆ ಮಾತಾಡಬೇಕೆಂದರೆ ಓಣಿಗೆಲ್ಲ ಕೇಳುವಂತೆ ಕೂಗಬೇಕಲ್ಲ ಅಂತ. ಒಂಬತ್ತು ವರ್ಷ ಹೀಗೆಯೇ ನಡೆದಿತ್ತು.

ನನ್ನ ಬಾಗಿಲಲ್ಲಿ ಎರಡು ದಿನದ ಹಾಲಿನ ಪಾಕೀಟು ಹಾಗೆಯೇ ಬಿದ್ದದ್ದನ್ನು ನೋಡಿದವರು ಅವರೇ. ಬಾಗಿಲು ಬಡಿದರು. ನಾನು ಓ ಅಂದೆನೆಂದು ಚಾಚಿ ಆಮೇಲೆ ಹೇಳಿದರು, ನನಗೆ ನೆನಪಿಲ್ಲ. ಅವರಿಗಂತೂ ಕೇಳಿಸಿರಲಾರದು. ಹಿತ್ತಲಿನ ಬಾಗಿಲ ಚಿಲಕ ಸಡಿಲ ಎಂದು ಚಾಚಿಗೆ ಗೊತ್ತಿತ್ತು. ಅವರಿಬ್ಬರೂ ಒಳಗೆ ಬಂದದ್ದು, ಚಾಚಿ ನನ್ನ ಕಾಲಿಗೆ ಚಪ್ಪಲಿ ಹಾಕಿದ್ದು, ಆಟೊದಲ್ಲಿ ಚಾಚಿಯ ಹೆಗಲ ಮೇಲೆ ತಲೆಯಿಟ್ಟು ಸರ್ಕಾರಿ ಆಸ್ಪತ್ರೆಗೆ ಹೋದದ್ದು ತುಣುಕು ತುಣುಕಾಗಿ ನೆನಪಿದೆ.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಹೆಣ್ಣುಮಗಳು, ಚಿಕ್ಕ ವಯಸ್ಸಿನವರು. ಹಿಂದಿನ ಚೀಟಿಗಳನ್ನು ಮೇಲಿಂದ ಕೆಳಗೆ ನೋಡಿ ಬದಿಗಿಟ್ಟರು. "ಅಂಗೈ ತೋರಿಸ್ರಿ" ಅಂದರು. ತೋರಿಸಿದೆ. ಮಣಿಕಟ್ಟಿನಿಂದ ಅಂಗೈಯವರೆಗೆ ಕೆಂಪು ಚುಕ್ಕೆಗಳಿದ್ದವು. ನಾನು ಅದನ್ನು ಬೆವರುಸಾಲೆ ಅಂದುಕೊಂಡಿದ್ದೆ. ಅಂಗಾಲಿನಲ್ಲೂ ಇದ್ದವು.

"ಅಡವಿ ಕಡಿ ಹೋಗಿದ್ರೇನ್ರಿ? ಕುರಿ, ಆಡು, ನಾಯಿ... ಇವುಗಳ ಹತ್ರ?"

"ಸಮೀಕ್ಷೆಗೆ" ಅಂದೆ. ಆಗ ಮೊಣಕಾಲು ನೆನಪಾಯಿತು. ಹೇಳಿದೆ. ಅವರು ಟಾರ್ಚ್ ಹಿಡಿದು ನೋಡಿದರು.

"ಇದು ಉಣ್ಣಿ ಜ್ವರ. ಇದಕ್ಕ ಬ್ಯಾರೇ ಗುಳಿಗಿ ಅದ, ಭಾಳ ಹಳೇ ಗುಳಿಗಿ. ಮೊದಲ ದಿನಾನೇ ಕೊಟ್ಟಿದ್ರ ಇಷ್ಟು ತ್ರಾಸ ಆಗ್ತಿರ್ಲಿಲ್ಲ. ಇರ್ಲಿ, ಈಗಾದ್ರೂ ಬಂದ್ರಲ್ಲ."

ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. ಹಾಸಿಗೆಯೆಲ್ಲ ಬೆವೆತು ತೊಯ್ದಿತ್ತು. ಬದುಕಿದೆ ಅನ್ನಿಸಿತು. ಚಾಚಿ ಸ್ಟೀಲಿನ ಡಬ್ಬಿಯಲ್ಲಿ ಅಕ್ಕಿ ಗಂಜಿ ತಂದಿದ್ದರು. ಒಂದು ಮಾತು ಹೇಳಬೇಕು. ನಮ್ಮದು ಮಡಿ-ಮೈಲಿಗೆಯ ವೈಷ್ಣವ ಮನೆತನ. ನಾನೇನೂ ಅಷ್ಟು ಮಡಿವಂತಳಲ್ಲ, ಆದರೆ ಒಂಬತ್ತು ವರ್ಷದಲ್ಲಿ ಅವರ ಮನೆಯದು ಒಂದು ಲೋಟ ಚಹಾ ಕೂಡ ಕುಡಿದಿರಲಿಲ್ಲ. ಅವರೂ ಕರೆದಿರಲಿಲ್ಲ, ಕರೆದು ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದೆಂಬ ಎಚ್ಚರ ಅವರದು. ಆ ದಿನ ಚಾಚಿ ಡಬ್ಬಿಯ ಮುಚ್ಚಳ ತೆಗೆದು, ನನ್ನ ಮುಖ ನೋಡಿ, ಏನೋ ಅಂದರು. ತುಟಿ ಆಡಿದ್ದು ಕಂಡಿತು. ಹೊಸ ಪಾತ್ರೆಯಲ್ಲಿ ಮಾಡಿದ್ದು ಅಂದಿದ್ದರಂತೆ. ನನಗೆ ಕೇಳಿಸಲೇ ಇಲ್ಲ. ನಾನು ಕೈಚಾಚಿ ಡಬ್ಬಿ ತೆಗೆದುಕೊಂಡು ಕುಡಿದೆ.

ಜ್ವರದ ಮಂಪರು ಅಂದುಕೊಂಡೆ. ಮರುದಿನವೂ ಹಾಗೆಯೇ ಇತ್ತು. ನರ್ಸ್ ಬಂದು ಏನೋ ಕೇಳುತ್ತಾಳೆ, ದೂರದಲ್ಲಿ ಯಾರೋ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾತಾಡಿದ ಹಾಗೆ. ಕಿವಿಯೊಳಗೆ ಜೀರುಂಡೆಯ ಹಾಗೆ ಒಂದೇ ಸಮನೆ ಸದ್ದು. ಡಾಕ್ಟರಿಗೆ ಹೇಳಿದೆ. ಅವರು ಒಂದು ಚೀಟಿಯ ಹಿಂದೆ ಬರೆದು ತೋರಿಸಿದರು: "ಈ ಜ್ವರದಲ್ಲಿ ಕೆಲವರಿಗೆ ಹೀಗಾಗುತ್ತದೆ. ಗಾಬರಿ ಬೇಡ. ಕಾಯಬೇಕು."

ಅಣ್ಣ ಬಂದು ಶಹಾಬಾದಿಗೆ ಕರೆದುಕೊಂಡು ಹೋದ. ಅವನ ಮನೆಯಲ್ಲಿ ಅವನು, ವೈನಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಅಣ್ಣನ ಹೆಂಡತಿಯನ್ನು ನಾವು ವೈನಿ ಅನ್ನುತ್ತೇವೆ. ಒಳ್ಳೆಯವರು. ಹೊತ್ತಿಗೆ ಸರಿಯಾಗಿ ಸಾರು-ಅನ್ನ, ಹಾಲು, ಗುಳಿಗೆ. ಮಧ್ಯದ ಕೋಣೆಯಲ್ಲಿ ಹಾಸಿಗೆ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೂ ನನಗೆ ಕೇಳುತ್ತಿರಲಿಲ್ಲ.

ಆ ಮನೆಯಲ್ಲಿ ಹದಿನಾರು ದಿನ ಕಂಡಷ್ಟು ಒಂಟಿತನವನ್ನು ನಾನು ನನ್ನ ಒಂಟಿ ಮನೆಯಲ್ಲಿ ಎಂದೂ ಕಂಡಿರಲಿಲ್ಲ. ಊಟಕ್ಕೆ ಎಲ್ಲರೂ ಸಾಲಾಗಿ ಕೂಡುವರು. ಒಬ್ಬರು ಏನೋ ಅನ್ನುವರು, ಎಲ್ಲರೂ ನಗುವರು. ನಾನೂ ನಗುವೆ, ಒಂದು ಕ್ಷಣ ತಡವಾಗಿ. ಸೊಸೆ ನನ್ನ ಕಡೆ ನೋಡಿ ಏನೋ ಕೇಳುವಳು, ನಾನು ಹೂಂ ಅನ್ನುವೆ. ಅವಳು ಇನ್ನಷ್ಟು ಅನ್ನ ಬಡಿಸುವಳು. ಸಾಕು ಅನ್ನುವಷ್ಟರಲ್ಲಿ ಸಾರೂ ಬಿದ್ದಿರುವುದು. ಮೊದಮೊದಲು ಪ್ರತಿಯೊಂದನ್ನೂ ಕೂಗಿ ಹೇಳುತ್ತಿದ್ದರು. ಕೂಗಿದರೆ ಕೇಳುತ್ತಿರಲಿಲ್ಲ, ಒಡೆದುಹೋಗುತ್ತಿತ್ತು. ಆಮೇಲೆ ಬೇಕಾದ್ದನ್ನಷ್ಟೇ ಹೇಳತೊಡಗಿದರು. ಆಮೇಲೆ ಕೈಸನ್ನೆ. ಕೊನೆಕೊನೆಗೆ ನನ್ನ ಎದುರಿಗೇ ನನ್ನ ಬಗ್ಗೆ ಮಾತಾಡುತ್ತಿದ್ದರು. ಕಣ್ಣು ನನ್ನ ಕಡೆ ಒಮ್ಮೆ ಹಾಯ್ದು ವಾಪಸು ಹೋಗುವುದರಿಂದ ಅದು ತಿಳಿಯುತ್ತದೆ.

ಒಂದು ದಿನ ವೈನಿ ನನ್ನ ಪಕ್ಕಕ್ಕೆ ಕೂತು, ಕಿವಿಯ ಹತ್ತಿರ ಬಾಯಿಟ್ಟು ಕೇಳಿದರು, ಮೂರು ಸಲ ಕೇಳಿದ ಮೇಲೆ ಒಡೆದ ಪದಗಳನ್ನು ಕೂಡಿಸಿಕೊಂಡೆ. "ದವಾಖಾನ್ಯಾಗ ನಿನಗ ಊಟ ಯಾರು ಕೊಟ್ರು?"

"ಬಾಜೂ ಮನೀ ಚಾಚಿ."

ವೈನಿ ಎದ್ದು ಒಳಗೆ ಹೋದರು. ಬಯ್ಯಲಿಲ್ಲ, ಮುಖ ಸಿಂಡರಿಸಲಿಲ್ಲ. ಅವರು ಸುಮ್ಮನೆ ಎದ್ದು ಹೋದ ರೀತಿಗೆ ಏನು ಅರ್ಥ ಎಂದು ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಕಿವಿ ಕೇಳದವರಿಗೆ ಎಲ್ಲದಕ್ಕೂ ಅರ್ಥ ಹಚ್ಚುವ ರೋಗವೂ ಬರುತ್ತದೆ. ಹದಿನೇಳನೆಯ ದಿನ ಅಣ್ಣನಿಗೆ, ನನ್ನ ಮನೆಗೆ ಹೋಗುತ್ತೇನೆ ಎಂದೆ. ಅವನು ಬೇಡವೆಂದ, ಎರಡು ಸಲ. ಮೂರನೆಯ ಸಲ ಅನ್ನಲಿಲ್ಲ.

ಸೇಡಂನ ಮನೆಗೆ ಬಂದ ಮೇಲೆ ನನ್ನ ದೇಹ ಎಷ್ಟು ಸೋತಿದೆ ಎಂಬುದು ಗೊತ್ತಾಯಿತು. ಅಣ್ಣನ ಮನೆಯಲ್ಲಿ ಮಲಗಿಯೇ ಇದ್ದೆನಲ್ಲ. ಕೊಡದಿಂದ ಒಂದು ತಂಬಿಗೆ ನೀರು ಬಗ್ಗಿಸಿಕೊಂಡರೆ ಗೋಡೆ ಹಿಡಿದು ನಿಲ್ಲಬೇಕು. ಸೀರೆ ಉಟ್ಟು ಮುಗಿಸಲು ನಡುವೆ ಒಮ್ಮೆ ಕೂರಬೇಕು. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಮೊದಲ ವಾರ ನನ್ನ ಸಾಧನೆ ಎಂದರೆ ಓಣಿಯ ಕೊನೆಯ ಬೇವಿನ ಮರ ಮುಟ್ಟಿ ಬಂದದ್ದು. ಹಾಲಿನ ಪಾಕೀಟು ಕತ್ತರಿಸುವುದು, ಅನ್ನ ಇಳಿಸುವುದು, ಮಲಗುವುದು. ಕುಕ್ಕರು ಸೀಟಿ ಹಾಕಿತೋ ಇಲ್ಲವೋ ತಿಳಿಯದೆ ಎರಡು ಸಲ ಬೇಳೆ ಹೊತ್ತಿಸಿದೆ. ಆಮೇಲೆ ಕುಕ್ಕರಿನ ಮುಂದೆಯೇ ಸ್ಟೂಲು ಹಾಕಿ ಕೂತು ಹಬೆ ನೋಡಿ ಎಣಿಸತೊಡಗಿದೆ.

ನಮ್ಮ ಮನೆಯ ಹಿಂದೆ ಇನ್ನೂರು ಹೆಜ್ಜೆಗೆ ರೈಲು ಹಳಿ. ಒಂಬತ್ತು ವರ್ಷದಿಂದ ಸಿಮೆಂಟಿನ ಗೂಡ್ಸ್ ಗಾಡಿಗಳು ಹಗಲೂ ರಾತ್ರಿ ಹೋಗುವುದು ಕೇಳಿ ಕೇಳಿ ರೂಢಿಯಾಗಿತ್ತು. ಈಗ ಗಾಡಿ ಹೋಗುವುದು ಅಂಗಾಲಿಗೆ ಗೊತ್ತಾಗುತ್ತಿತ್ತು. ಫರಸಿ ಕಲ್ಲಿನ ನೆಲ ಸಣ್ಣಗೆ ನಡುಗುವುದು, ಕಟ್ಟೆಯ ಮೇಲಿನ ಲೋಟದಲ್ಲಿ ನೀರು ಅಲುಗುವುದು. ಅಷ್ಟು ದೊಡ್ಡ ಗಾಡಿ, ಸದ್ದೇ ಇಲ್ಲದೆ ಹೋಗುವುದು. ಆಗ ನಿಜಕ್ಕೂ ಹೆದರಿಕೆಯಾಗುತ್ತಿತ್ತು. ಮಕ್ಕಳಿಗೆ ಪಾಠ ಹೇಳುವವಳು ನಾನು. ಹಿಂದಿನ ಬೆಂಚಿನಲ್ಲಿ ಯಾರು ಪಿಸುಗುಟ್ಟಿದರು ಎಂದು ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಹೇಳುತ್ತಿದ್ದವಳು. ಇನ್ನು ಶಾಲೆಗೆ ಹೋಗಿ ಏನು ಮಾಡಲಿ?

ಬಂದ ನಾಲ್ಕನೆಯ ದಿನವೋ ಐದನೆಯ ದಿನವೋ ಇರಬೇಕು, ಮಧ್ಯಾಹ್ನ ಗೋಡೆಗೆ ಒರಗಿ ಕೂತಿದ್ದೆ. ಯಾರೋ ಮಾತಾಡಿದರು. ಸ್ಪಷ್ಟವಾಗಿ, ಪದ ಪದ ಬಿಡಿಸಿ.

"ಇಲ್ಲಪಾ, ಅಕ್ಕೋರು ಬಂದಾರ. ಭಾಳ ಸೊರಗ್ಯಾರ. ನಿಮ್ಮ ಚಾಚಿ ದಿನಾ ನೋಡಿ ಬರ್ಲಿಕತ್ತಾಳ."

ನಾನು ಬೆಚ್ಚಿಬಿದ್ದೆ. ತಿಂಗಳಾಗುತ್ತ ಬಂದಿತ್ತು ಒಂದು ಪೂರ್ತಿ ವಾಕ್ಯ ಕೇಳಿ. ಗೋಡೆಯಾಚೆ ಡ್ರೈವರ್ ಸಾಬರು ಫೋನಿನಲ್ಲಿ ಮಾತಾಡುತ್ತಿದ್ದರು. ಅವರದು ತಗ್ಗಿನ, ತುಂಬಿದ ದನಿ. ನನಗೆ ಹೆಂಗಸರ, ಮಕ್ಕಳ ಸಣ್ಣ ದನಿಗಳು ಪೂರಾ ಹೋಗಿದ್ದವು, ಗಡುಸು ದನಿ ಜೋರಾಗಿದ್ದರೆ ಮಾತ್ರ ಕಿವಿಗೆ ಇಳಿಯುತ್ತಿತ್ತು. ಇದು ಆಮೇಲೆ ಡಾಕ್ಟರು ಹೇಳಿದ್ದು. ಆ ಹೊತ್ತಿಗೆ ನಾನು ಮಾಡಿದ್ದು ಇಷ್ಟೇ: ಎದ್ದು ಕಿಟಕಿಗೆ ತುಂಬಿದ್ದ ಚಾದರ ಎಳೆದು ತೆಗೆದೆ, ಅಲ್ಲಿಯೇ ಕೂತು ಅವರ ಫೋನು ಮುಗಿಯುವವರೆಗೆ ಕೇಳಿದೆ. ಯಾರಿಗೋ ತೊಗರಿಯ ಮಾತು, ಮಂಡಿನೋವಿನ ಮಾತು. ಕಣ್ಣಲ್ಲಿ ನೀರು ಬರುತ್ತಿತ್ತು.

ಸಂಜೆ ನಾನಾಗಿ ಅವರ ಬಾಗಿಲಿಗೆ ಹೋದೆ. ಅವರು ಅಂಗಳದಲ್ಲಿ ಕುರ್ಚಿ ಹಾಕಿ ಪೇಪರು ಓದುತ್ತಿದ್ದರು. ನನ್ನನ್ನು ನೋಡಿ ಗಡಿಬಿಡಿಯಿಂದ ಎದ್ದರು.

"ಬರ್ರಿ ಅಕ್ಕೋರೆ, ಕುಂದ್ರಿ. ತಬಿಯತ್ ಹ್ಯಾಂಗದ?"

"ಚಾಚಾ, ನನಗ ಕಿವಿ ಕೇಳ್ಸವಲ್ದು" ಅಂದೆ. "ನಿಮ್ಮ ಮಾತು ಒಂದೇ ಕೇಳ್ಸಲಿಕತ್ತದ."

ಅವರಿಗೆ ತಿಳಿಯಲಿಲ್ಲ. ಒಳಗಿನಿಂದ ಚಾಚಿ ಕಿವಿಯ ಮಷೀನು ತಂದು ಕೊಟ್ಟರು. ಹಾಕಿಕೊಂಡು, ನನ್ನಿಂದ ಮತ್ತೊಮ್ಮೆ ಹೇಳಿಸಿಕೊಂಡರು. ಆಮೇಲೆ ಜೋರಾಗಿ ನಕ್ಕುಬಿಟ್ಟರು.

"ನನ್ನ ದನಿ ಸಣ್ಣ ಮಾಡ್ಸ್ರಿ ಅಂತ ಹೇಳಿ ಕಳ್ಸಿದವ್ರು ನೀವೇ ಅಲ್ರೀ?"

ಟಿವಿಗೆ ಹೇಳಿದ್ದು ಎನ್ನಬೇಕೆಂದಿದ್ದೆ. ಬದಲಿಗೆ ನಾನೂ ನಕ್ಕೆ. ಚಾಚಿ ಚಹಾ ತಂದಿಟ್ಟರು, ಕೇಳದೆಯೇ. ಕುಡಿದೆ.

ಅಲ್ಲಿಂದ ದಿನಾ ಸಂಜೆ ಹೋಗುತ್ತಿದ್ದೆ. ಅವರು ಪೇಪರಿನ ದೊಡ್ಡ ಸುದ್ದಿಗಳನ್ನು ನನಗೆ ಓದಿ ಹೇಳುವರು. ಓದಲು ನನಗೆ ಕಣ್ಣಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಚಾಚಿ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಕೂಡುವರು. ಮೊದಲು ನನ್ನ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದ ಚಾಚಿಯ ಮಾತು ಈಗ ನನಗೆ ಒಂದೂ ಕೇಳಿಸುತ್ತಿರಲಿಲ್ಲ. ಅವರು ಗಂಡನ ತೊಡೆ ತಟ್ಟಿ ಅವರ ಕಿವಿಯಲ್ಲಿ ಏನೋ ಹೇಳುವರು, ಸಾಬರು ಅದನ್ನು ದೊಡ್ಡ ದನಿಯಲ್ಲಿ ನನಗೆ ಮುಟ್ಟಿಸುವರು. ಹಾಗೆ ಮಾತು ನಡೆಯುತ್ತಿತ್ತು. ಆಮೇಲೆ ಮೂವರೂ ಸ್ಟೇಷನ್ ಕಡೆಗೆ ನಿಧಾನಕ್ಕೆ ನಡೆಯುವೆವು, ನನ್ನ ಕಾಲಿಗೆ ಆದಷ್ಟು ದೂರ. ಮೊದಲು ಬೇವಿನ ಮರ, ಆಮೇಲೆ ಕಿರಾಣಿ ಅಂಗಡಿ, ತಿಂಗಳ ಕೊನೆಗೆ ಸ್ಟೇಷನ್ನಿನ ಕಲ್ಲುಬೆಂಚು.

ಆ ಬೆಂಚಿನ ಮೇಲೆ ಕೂತಾಗ ಒಂದು ದಿನ ಅಣ್ಣನ ಮನೆಯ ಊಟದ ಸಂಗತಿ ಹೇಳಿದೆ, ಕೇಳಿಸದ ಮಾತಿಗೆ ಹೂಂ ಅಂದು ಅನ್ನ ಹಾಕಿಸಿಕೊಂಡದ್ದು. ನಗುತ್ತಾರೆಂದು ಹೇಳಿದ್ದು. ಅವರು ನಗಲಿಲ್ಲ.

"ಅದೊಂದು ಮಾಡಬ್ಯಾಡ್ರಿ ಅಕ್ಕೋರೆ. ಕೇಳ್ಲಾರದ ಮಾತಿಗಿ ಹೂಂ ಅನ್ನಬ್ಯಾಡ್ರಿ. ಒಮ್ಮೆ ಹೂಂ ಅಂದ್ರ ಅದೇ ರೂಢಿ ಬೀಳ್ತದ. ಆಮ್ಯಾಲ ನಿಮಗ ಯಾರೂ ಏನೂ ಕೇಳಂಗಿಲ್ಲ. ಹ್ಯಾಂಗೂ ಹೂಂ ಅಂತಾರ, ಯಾಕ ಕೇಳ್ಬೇಕು ಅಂತಾರ."

ತಾವೂ ಹಾಗೆ ಎರಡು ವರ್ಷ ಹೂಂ ಅಂದವರೇ ಎಂದರು. ಗಾಡಿ ಓಡಿಸುವಾಗ ಜೊತೆಯ ಸಹಾಯಕ ಸಿಗ್ನಲ್ ನೋಡಿ ಬಣ್ಣ ಕೂಗಿ ಹೇಳಬೇಕು, ಡ್ರೈವರ್ ಅದನ್ನು ತಿರುಗಿ ಹೇಳಬೇಕು. ಅವರು ಸಹಾಯಕನ ಮಾತು ಕೇಳದೆ, ತಮ್ಮ ಕಣ್ಣಿಂದ ನೋಡಿಯೇ ತಿರುಗಿ ಹೇಳುತ್ತಿದ್ದರು. ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ವಾಡಿಗೆ ಬರುವಾಗ ಸಹಾಯಕ ಮೂರು ಸಲ ಕೂಗಿ, ನಾಲ್ಕನೆಯ ಸಲ ಭುಜ ಹಿಡಿದು ಅಲುಗಿಸಿದ. ಸಿಗ್ನಲ್ ಅವರಿಗೂ ಕಂಡಿತ್ತು, ಗಾಡಿ ನಿಲ್ಲುತ್ತಲೂ ಇತ್ತು, ಏನೂ ಆಗಲಿಲ್ಲ. ಆದರೆ ಆ ಹುಡುಗನ ಮುಖ ಬಿಳಿಚಿತ್ತು.

"ಮರುದಿನ ನಾನೇ ಆಫೀಸಿಗಿ ಹೋಗಿ ಹೇಳ್ದೆ, ನನಗ ಕಿವಿ ಕೇಳ್ಸಂಗಿಲ್ಲ ಅಂತ. ಅವತ್ತೇ ಗಾಡಿ ಇಳದೆ. ಆಮ್ಯಾಲ ರಿಟೈರ್ ಆಗೋತನಕ ಕುರ್ಚಿ ಮ್ಯಾಲ."

"ಬ್ಯಾಸರ ಆಗ್ಲಿಲ್ಲೇನ್ರಿ ಚಾಚಾ?"

"ಆಗ್ದೇ ಏನ್ರಿ? ಭಾಳ ಆಯ್ತು. ಆದ್ರ ಆ ದಿನ ನಿದ್ದಿ ಬಂತು ನೋಡ್ರಿ."

ಮರುವಾರ ಕಲಬುರಗಿಗೆ ಕಿವಿ ಪರೀಕ್ಷೆಗೆ ಹೋದೆ, ಒಬ್ಬಳೇ. ಗಾಜಿನ ಸಣ್ಣ ಕೋಣೆಯಲ್ಲಿ ಕೂರಿಸಿ, ಕೈಗೆ ಒಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಿ ಅಂದರು. ಮೊದಲು ನಾನು ಅಂದಾಜಿನ ಮೇಲೆ ಒತ್ತುತ್ತಿದ್ದೆ. ಇಷ್ಟು ಹೊತ್ತಾಯಿತು, ಈಗ ಒಂದು ಸದ್ದು ಬಂದಿರಬೇಕು ಅಂತ. ಎಲ್ಲರಂತೆ ಪಾಸಾಗಬೇಕು ಎಂಬ ಆಸೆ. ನಾಲ್ಕೈದು ಸಲ ಒತ್ತಿದ ಮೇಲೆ ನಾಚಿಕೆಯಾಯಿತು. ಕೈ ತಡೆದು ಕೂತೆ. ಬಹಳ ಹೊತ್ತು ಕೂತೆ. ಗಾಜಿನಾಚೆ ಕೂತ ಹೆಣ್ಣುಮಗಳು ಗೆರೆ ಎಳೆಯುತ್ತಲೇ ಇದ್ದಳು, ನನಗೆ ಒತ್ತಲು ಏನೂ ಇರಲಿಲ್ಲ. ನನ್ನ ಕಿವಿ ಎಷ್ಟು ಹೋಗಿದೆ ಎಂಬುದನ್ನು ನಾನು ಒಪ್ಪಿಕೊಂಡದ್ದು ಅಲ್ಲಿ.

"ಕಿವಿ ನರಕ್ಕ ಪೆಟ್ಟು ಬಿದ್ದದ" ಎಂದು ಡಾಕ್ಟರು ಬರೆದು ತೋರಿಸಿ, ಓದಿ ಹೇಳಿದರು. "ಬರಬಹುದು, ಬರ್ದೇ ಇರಬಹುದು. ಬಲಗಿವಿ ಮ್ಯಾಲ ನನಗ ಆಸೆ ಅದ."

ಡಿಸೆಂಬರಿನ ಒಂದು ಮುಂಜಾನೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಎಲ್ಲೋ ಇಲಿ ಕೆರೆದಂತೆ ಸಣ್ಣ ಸದ್ದು. ನಿಂತು ನೋಡಿದೆ. ಗೋಡೆಯಾಚೆ ಚಾಚಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಅಕ್ಕಿ ಹಾರಿ ಬೀಳುವ ಸದ್ದು. ನಾನು ಉಸಿರು ಹಿಡಿದು ನಿಂತೆ. ಚಾಚಿ ನನ್ನ ಕಡೆ ನೋಡದೆಯೇ, ತಮ್ಮಷ್ಟಕ್ಕೆ, "ಯಾ ಅಲ್ಲಾ, ಎಷ್ಟು ಕಲ್ಲು ಅವ ಇದ್ರಾಗ" ಅಂದರು.

"ಹೌದಾ ಚಾಚಿ?" ಅಂದೆ.

ಅವರು ಹೂಂ ಅಂದು ಎರಡು ಸಲ ಕೇರಿದ ಮೇಲೆ ಮೊರ ಕೆಳಗಿಟ್ಟು ನನ್ನನ್ನು ನೋಡಿದರು. ಗೋಡೆಯ ಮೇಲಿಂದ ಎರಡೂ ಕೈ ಚಾಚಿ ನನ್ನ ಮುಖ ಹಿಡಿದುಕೊಂಡರು.

ಸಂಜೆ ಸಾಬರ ಅಂಗಳಕ್ಕೆ ಹೋದೆ. ಚಾಚಿ ಅವರಿಗೆ ಏನೂ ಹೇಳಿರಲಿಲ್ಲ, ನಾನೇ ಹೇಳಲಿ ಅಂತ ಇರಬೇಕು. ಅವರು ಎಂದಿನಂತೆ ಪೇಪರು ಬಿಡಿಸಿ ಮೊದಲ ಸುದ್ದಿ ಓದಿದರು. ಆ ದನಿ ಬಲಗಿವಿಗೆ ಬಡಿಯಿತು. ನೋವಾಯಿತು, ನಿಜವಾದ ನೋವು. ನನಗೇ ತಿಳಿಯದೆ ನನ್ನ ಕೈ ಕಿವಿಗೆ ಹೋಗಿತ್ತು, ಮುಖ ಅವರಿಂದ ಆಚೆಗೆ ತಿರುಗಿತ್ತು.

ಅವರು ಓದುವುದನ್ನು ನಿಲ್ಲಿಸಿದರು. ಪೇಪರು ಮಡಚಿದರು.

"ಬಂತಲ್ಲ?" ಎಂದರು.

"ಬಂತ್ರಿ ಚಾಚಾ. ಬಲಗಡಿ."

"ಅಲ್‌ಹಮ್ದುಲಿಲ್ಲಾ." ಎದ್ದು ನಿಂತು ಎರಡೂ ಕೈ ಮೇಲಕ್ಕೆತ್ತಿದರು. ಚಾಚಿಯನ್ನು ಕೂಗಿ ಸಿಹಿ ಏನಾದರೂ ಮಾಡು ಎಂದರು. ಅವರ ಸಂತೋಷದಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಆ ಸಂಜೆ ನಾನು ಶಾವಿಗೆ ಪಾಯಸ ಎರಡು ಬಟ್ಟಲು ತಿಂದೆ.

ಮರುದಿನದಿಂದ ಅವರು ದನಿ ಇಳಿಸಿದರು. ಎಷ್ಟು ಇಳಿಸಿದರೆಂದರೆ ತುಟಿ ಮಾತ್ರ ಆಡುತ್ತಿತ್ತು. ಕೇಳಿಸಲಿಲ್ಲ ಚಾಚಾ ಎಂದರೆ ಒಮ್ಮೆಲೆ ಏರಿಸುವರು, ನಾನು ಹಿಂದೆ ಸರಿಯುವೆ. ಮತ್ತೆ ಇಳಿಸುವರು.

"ನನ್ನ ದನಿ ನನಗೇ ಕೇಳ್ಸಂಗಿಲ್ರಿ" ಎಂದರು ಒಂದು ದಿನ. "ಎಷ್ಟು ಇಳಿಸ್ಬೇಕು ತಿಳಿವಲ್ದು. ಮೊದಲ ಛಲೋ ಇತ್ತು." ಹೇಳಿದ ಮೇಲೆ ಗಾಬರಿಯಾಗಿ, "ಹಂಗಲ್ರಿ, ನಿಮಗ ಕಿವಿ ಬಂದದ್ದು ನನಗ ಖರೇನೇ ಭಾಳ ಖುಷಿ ಆಗ್ಯದ" ಎಂದು ಸೇರಿಸಿದರು.

ತಿಂಗಳ ಕೊನೆಗೆ ಶಾಲೆಗೆ ಹಾಜರಾದೆ. ಎಡಗಿವಿ ಬರಲಿಲ್ಲ, ಇಂದಿಗೂ ಬಂದಿಲ್ಲ. ಮೊದಲ ದಿನವೇ ಮಕ್ಕಳಿಗೆ ಹೇಳಿಬಿಟ್ಟೆ: ನನಗೆ ಈ ಕಡೆಯ ಕಿವಿ ಇಲ್ಲ, ಏನೇ ಇದ್ದರೂ ಈ ಕಡೆ ಬಂದು ಹೇಳಿ, ಕೇಳಿಸದಿದ್ದರೆ ನಾನು ಮತ್ತೆ ಮತ್ತೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅವರಿಗೆ ಅದು ಎರಡು ದಿನದ ವಿಚಿತ್ರ, ಮೂರನೆಯ ದಿನ ಮಾಮೂಲು. ಚಿಂಚೋಳಿ ಬಸ್ಸಿನಲ್ಲಿ ಹೋಗಿ ಬಂದು ಮನೆ ಮುಟ್ಟುವಾಗ ಕತ್ತಲಾಗುತ್ತಿತ್ತು. ಮೈಯಲ್ಲಿ ಇನ್ನೂ ಕಸುವಿರಲಿಲ್ಲ, ಬಂದವಳೇ ಮಲಗುತ್ತಿದ್ದೆ. ಸಂಜೆಯ ನಡಿಗೆ ವಾರಕ್ಕೆ ಎರಡು ದಿನವಾಯಿತು, ಒಂದು ದಿನವಾಯಿತು. ಚಾಚಿಯ ಜೊತೆ ಮೊದಲಿನ ಹಾಗೆ ಹಿತ್ತಲ ಗೋಡೆಯ ಮೇಲಿಂದ ಮಾತು ಶುರುವಾಯಿತು. ಅದು ಎಷ್ಟು ಸುಲಭವಾಗಿತ್ತು!

ಒಂದು ಭಾನುವಾರ ಚಾಚಿಯ ಜೊತೆ ಮಾತಾಡುತ್ತಿದ್ದಾಗ ಸಾಬರು ಒಳಗಿನಿಂದ ಬಂದು ಪಕ್ಕದಲ್ಲಿ ನಿಂತು ಏನೋ ಹೇಳಿದರು, ಆ ಇಳಿಸಿದ ದನಿಯಲ್ಲಿ. ನನಗೆ ಕೇಳಿಸಲಿಲ್ಲ. ಚಾಚಿಯ ಮಾತು ಅರ್ಧಕ್ಕಿತ್ತು. ನಾನು ಅವರ ಕಡೆ ತಿರುಗಿ, ನಕ್ಕು, ಹೂಂ ಅಂದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ತಲೆಯಾಡಿಸಿ ಒಳಗೆ ಹೋದರು.

ಅದನ್ನು ತಿದ್ದಿಕೊಳ್ಳಲು ನಾನು ಆ ಸಂಜೆಯೇ ಹೋದೆ. ಏನಂದಿರಿ ಚಾಚಾ ಮುಂಜಾನೆ, ನನಗೆ ಕೇಳಿಸಿರಲಿಲ್ಲ ಎಂದೆ. "ಏನಿಲ್ರಿ, ಹಂಗೇ ಏನೋ ಅಂದೆ" ಎಂದರು. ಎಷ್ಟು ಕೇಳಿದರೂ ಅಷ್ಟೇ. ಏನಂದಿದ್ದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾವು ಈಗಲೂ ಭಾನುವಾರ ಸಂಜೆ ಕೂಡುತ್ತೇವೆ, ಅವರು ಮಷೀನು ಹಾಕಿಕೊಂಡು, ನಾನು ಬಲಗಡೆ ತಿರುಗಿಕೊಂಡು. ಮಾತು ಇದೆ. ಕಾಯಿಲೆಯ ದಿನಗಳಲ್ಲಿದ್ದ ಹಾಗಿಲ್ಲ.

ಸಂಕ್ರಾಂತಿಗೆ ಶಹಾಬಾದಿಗೆ ಹೋಗಿದ್ದೆ. ಎಲ್ಲರೂ ನನಗೆ ಕಿವಿ ಬಂದದ್ದಕ್ಕೆ ಸಂತೋಷಪಟ್ಟರು. ಊಟಕ್ಕೆ ಸಾಲಾಗಿ ಕೂತೆವು. ಈ ಸಲ ಎಲ್ಲವೂ ಕೇಳುತ್ತಿತ್ತು. ಗ್ಯಾಸು ತೀರಿದ್ದು, ಎದುರು ಮನೆಯವರು ಬೋರು ಹಾಕಿಸಿದ್ದು, ಮೊಮ್ಮಗಳು ಹಲ್ಲುಜ್ಜದಿರುವುದು. ಅದಕ್ಕೇ ಎಲ್ಲರೂ ನಗುತ್ತಿದ್ದರು. ಆ ಹದಿನಾರು ದಿನ ನನ್ನಿಂದ ಏನೋ ಬಹಳ ದೊಡ್ಡದು ತಪ್ಪಿಹೋಗುತ್ತಿದೆ ಎಂದು ನಾನು ಒಳಗೊಳಗೇ ಅಳುತ್ತಿದ್ದೆ. ತಪ್ಪಿದ್ದು ಇಷ್ಟೇ. ಮತ್ತು ಇಷ್ಟನ್ನು ಕೇಳಿಸಿಕೊಂಡ ಮೇಲೂ ನನಗೆ ಆ ಸಾಲಿನಲ್ಲಿ ಹೇಳಲು ಏನೂ ಇರಲಿಲ್ಲ. ವೈನಿ ಶೇಂಗಾ ಹೋಳಿಗೆ ಬಡಿಸುತ್ತ ರೂಢಿಯಂತೆ ನನ್ನ ಕಿವಿಯ ಹತ್ತಿರ ಬಗ್ಗಿ ಕೂಗಿ ಕೇಳಿದರು, ಸಾಕೇನು ಅಂತ. "ಸಾಕು ವೈನಿ, ಕೇಳ್ಸತದ" ಎಂದೆ. ಅವರು ನಾಚಿ ನಕ್ಕರು. ಹೋಗುವಾಗ ಒಂದು ಡಬ್ಬಿ ನನ್ನ ಕೈಗಿಟ್ಟು, "ಇದು ನಿಮ್ಮ ಬಾಜೂ ಮನ್ಯಾಗ ಕೊಡು" ಎಂದರು. ಅದನ್ನು ನಾನು ಎದುರು ನೋಡಿರಲಿಲ್ಲ.

ವಾಡಿಯಲ್ಲಿ ಗಾಡಿ ಬದಲಿಸಿ ಕಿಟಕಿಯ ಬದಿಗೆ ಕೂತೆ. ಬಲಗಡೆ ಒಬ್ಬ ಹೆಂಗಸು ಬಂದು ಕೂತಳು, ಮಡಿಲಲ್ಲಿ ಹಸಿ ಕಡಲೆಯ ಒಂದು ಕಟ್ಟು. ಗಾಡಿ ಹೊರಟಿತು. ಅವಳು ಎಲ್ಲಿಗೆ ಎಂದು ಕೇಳಿದಳು. ಸೇಡಂ ಅಂದೆ.

"ಅಲ್ಲಿ ನಿಮ್ಮವ್ರು ಯಾರದಾರ್ರಿ?"

"ಮನಿ ಅದರಿ" ಅಂದೆ. ಅವಳು ಕಟ್ಟು ಬಿಚ್ಚಿ, ಕಾಯಿ ತುಂಬಿದ ನಾಲ್ಕು ಗಿಡ ಆರಿಸಿ ನನ್ನ ಕೈಗೆ ಕೊಟ್ಟಳು. ಅವಳು ಇಳಿಯಬೇಕಾದ ಚಿತ್ತಾಪುರ ಬರುವವರೆಗೆ ಇಬ್ಬರೂ ಸುಲಿದು ತಿಂದೆವು.